ಬೂದಿ ತೊಳೆದ ನೀರು

"ಇದು ನಿನ್ನ ಕೈಗುಣ! ಇನ್ನೇನು?"

ಅತ್ತೆ ಬಟ್ಟಲನ್ನು ಸೊಸೆಯ ಮುಂದೆ ಕುಕ್ಕಿದರು. ಹಸಿರು ಮೆರುಗಿನ ಮೈತುಂಬ ಗುಳ್ಳೆ ಎದ್ದಿತ್ತು. ಆವಿಗೆಯಲ್ಲಿ ಸುಟ್ಟು ಆಗಷ್ಟೇ ತೆಗೆದ ಅರವತ್ತು ಬಟ್ಟಲುಗಳಲ್ಲಿ ನೆಟ್ಟಗಿದ್ದದ್ದು ನಾಲ್ಕೇ ನಾಲ್ಕು. ಇದು ಮೂರನೆಯ ಸಲ!

"ಮುಂದಿನ ಸಲಾನೂ ಹೀಗೇ ಆದ್ರೆ ನೀನು ತಿಗರಿ ಮುಟ್ಟೋ ಹಾಗಿಲ್ಲ, ತಿಳೀತಾ?"

ಆ ಮನೆಯಲ್ಲಿ ತನ್ನದು ಅಂತ ಸೊಸೆಗಿದ್ದದ್ದು ಅದೊಂದೇ... ಹನ್ನೊಂದು ವರ್ಷ ಆ ತಿಗರಿ ತಿರುಗಿಸಿ, ಮಣ್ಣಿನಿಂದ ಬಟ್ಟಲು ಎತ್ತಿದ ಕೈಗಳವು! ಗಂಡನತ್ತ ನೋಡಿದಳು. ಆ ಪುಣ್ಯಾತ್ಮ ಆವಿಗೆಯ ಇಟ್ಟಿಗೆ ಎಣಿಸುತ್ತ ನಿಂತಿದ್ದ.

ಅವಳೇನು ಪೆದ್ದಿಯಲ್ಲ. ಮಣ್ಣು ಅದೇ, ಸೌದೆ ಅದೇ, ಕೈಯೂ ಅದೇ. ಉಳಿದದ್ದು ಮೆರುಗು. ಅದನ್ನು ಕಲಸುವುದು ಅತ್ತೆ ಒಬ್ಬರೇ, ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಅವರ ಅತ್ತೆ ಅವರಿಗೆ ಕೊಟ್ಟುಹೋದ ವಿದ್ಯೆ. ಮೆರುಗಿಗೆ ಬೇಕಾದ ಬೂದಿ ನೆನೆಸುತ್ತಾರೆ, ನೀರು ಚೆಲ್ಲುತ್ತಾರೆ, ಮತ್ತೆ ನೆನೆಸುತ್ತಾರೆ... ಸದ್ದು ಕೇಳಿಯೇ ಇಷ್ಟು ಗೊತ್ತು. ಆದರೆ ತೊಳೆದದ್ದು ಸಾಕು ಅಂತ ಅವರಿಗೆ ಹೇಗೆ ತಿಳಿಯುತ್ತದೆ? ಹನ್ನೊಂದು ವರ್ಷದಿಂದ ಈ ಪ್ರಶ್ನೆ ಅವಳ ತಲೆ ತಿನ್ನುತ್ತಿತ್ತು.

ಆ ಸಂಜೆ ಅಳುತ್ತಲೇ ಟೀ ಮಾಡಿದಳು. ಅತ್ತೆ ಲೋಟ ಖಾಲಿ ಮಾಡಿ, "ಟೀ ಮಾಡೋಕಾದ್ರೂ ಬರುತ್ತಲ್ಲ!" ಎಂದು ಚುಚ್ಚಿದರು. ಒಳಗೆ ಬಂದು ತನ್ನ ಲೋಟ ಬಾಯಿಗಿಟ್ಟಳು... ಥೂ! ಸಕ್ಕರೆಯ ಬದಲು ಉಪ್ಪು!

ಚಳಿಗಾಲದಲ್ಲಿ ಜ್ವರ ಬಂದು ಮಲಗಿ ಎದ್ದ ಮೇಲೆ ಅತ್ತೆ ಅವಳ ಅಡುಗೆಗೆ ಒಮ್ಮೆಯೂ ಹೆಸರಿಟ್ಟಿರಲಿಲ್ಲ. ಅಯ್ಯೋ, ಅದನ್ನು ಪ್ರೀತಿ ಅಂದುಕೊಂಡಿದ್ದಳಲ್ಲ ಈ ಹುಚ್ಚಿ!

ಮರುದಿನ ತಡೆಯಲಾರದೆ ಹಿಂದಿನ ಕೋಣೆಯ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು. ಅತ್ತೆ ಬೂದಿಯ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸುತ್ತಿದ್ದರು. ಮತ್ತೆ ಅದ್ದಿದರು, ಮತ್ತೆ... ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸೊಸೆ ಬಾಗಿಲು ತಟ್ಟಿದಳು. "ನಿನ್ನೆ ಟೀಗೆ ಉಪ್ಪು ಬಿದ್ದಿತ್ತು, ಅತ್ತೆ."

ತುಂಬ ಹೊತ್ತಿನ ಮೇಲೆ ಅಗುಳಿ ಸರಿಯಿತು.

"ನಾಲಿಗೆ ಚುರ್ ಅನ್ನೋದು ನಿಲ್ಲೋವರೆಗೂ ತೊಳೀಬೇಕು ಕಣೇ, ಇಲ್ದಿದ್ರೆ ಮೆರುಗು ಗುಳ್ಳೆ ಏಳುತ್ತೆ... ಈಗ ಮೊದಲ್ನೇ ನೀರೂ ಸಪ್ಪೆ, ಹತ್ತನೇ ನೀರೂ ಸಪ್ಪೆ!"

"ಗೊತ್ತಿದ್ದೂ ನನ್ನ ಕೈ ಅಂದ್ರಾ?"

"ನಿನ್ನ ಕೈಯೇ ಆಗಿರ್ಲಿ ಅಂತ ಬೇಡ್ಕೊಂಡೆ. ತಪ್ಪು ನಂದೇ ಅಂತಾದ್ರೆ... ಈ ಮನೇಲಿ ನಾನು ಇನ್ಯಾತಕ್ಕೆ?"

ಸೊಸೆಗೆ ಮೈಯೆಲ್ಲ ಉರಿಯಿತು. ಆದರೆ ಆ ಮಾತು... ಅದು ನಿನ್ನೆಯೆಲ್ಲ ತನ್ನ ಎದೆಯೊಳಗಿದ್ದ ಮಾತೇ ಅಲ್ಲವೇ! ಸುಮ್ಮನೆ ಬೆರಳದ್ದಿ ನಾಲಿಗೆಗಿಟ್ಟಳು. ಚುರ್! ಕಣ್ಣಲ್ಲಿ ನೀರು ಬಂತು.

"ಇನ್ನೂ ಉರೀತಿದೆ. ಚೆಲ್ಲಿ ಅತ್ತೆ."

ಮತ್ತೆ ಏಳು ಸಲ ತೊಳೆದರು.

ಆವಿಗೆ ಬಿಚ್ಚಿದ ದಿನ ಬಟ್ಟಲುಗಳು ನುಣ್ಣಗೆ, ಹಸಿರಾಗಿ ಹೊರಬಂದವು. ಗಂಡ ಕುಣಿದಾಡಿದ. "ಅಮ್ಮನ ಕೈ ಅಂದ್ರೆ ಕೈ!"

ಸೊಸೆ ಮುಂದಿನ ಬಟ್ಟಲು ಎತ್ತಿಕೊಂಡಳು.

"ಬಾಯ್ಮುಚ್ಚೋ!" ಎಂದರು ಅತ್ತೆ. "ಬಟ್ಟಲೂ ಅವಳದೇ, ಮೆರುಗೂ ಅವಳದೇ. ನನ್ನ ನಾಲಿಗೆ ಸತ್ತು ಆರು ತಿಂಗಳಾಯ್ತು."

ಸಂಜೆ ಸೊಸೆ ಟೀ ತಂದಿಟ್ಟಳು. ಅತ್ತೆ ಲೋಟ ಹಿಡಿದು ಅವಳ ಮುಖ ನೋಡಿದರು.

"ಸಕ್ಕರೆ ಸರಿಯಾಗಿದೆಯೇನೇ?"

"ಸರಿಯಾಗಿದೆ ಅತ್ತೆ."

"ಹಾಗಾದ್ರೆ ಸರಿ" ಎಂದು ಅತ್ತೆ ಕುಡಿದರು.