ಕೆಂಪು ದಾರದ ಕಾಲು

“ಈ ಎಲ್‌ಇಡಿ ಕಾಲು ಕತ್ತರಿಸಿದ್ದು ಯಾರು?”

ಮೇಷ್ಟ್ರು ಗುಡುಗಿದ್ದೇ ಇಡೀ ಕ್ಲಾಸು ಅವಳತ್ತ ತಿರುಗಿತು. ಅಂಗೈಯಗಲದ ಬೋರ್ಡಿಗೆ ಕೋಡ್ ತುಂಬಿ ದೀಪ ಹೊತ್ತಿಸುವುದನ್ನು ಕಲಿಸುವ ಆ ಮೇಷ್ಟ್ರಿಗೆ ಕಲಿಯುವವರು ಇಟ್ಟ ಹೆಸರು ಶಾರ್ಟ್ ಸರ್ಕ್ಯೂಟ್. ಹೆಸರು ಸುಮ್ಮನೆ ಬಂದದ್ದಲ್ಲವೆಂದು ಅವಳಿಗೆ ಮೊದಲ ದಿನವೇ ಗೊತ್ತಾಯಿತು.

ಎಲ್‌ಇಡಿಗೆ ಎರಡು ಕಾಲು. ಉದ್ದದ್ದು ಪ್ಲಸ್, ಗಿಡ್ಡದ್ದು ಮೈನಸ್. ಅದಲು ಬದಲಾದರೆ ದೀಪ ಹತ್ತದು. ಆದರೆ ಅವಳು ಟೈಲರ್... ಏರುಪೇರು ಕಂಡರೆ ಕೈ ತಾನಾಗಿ ಕತ್ತರಿಗೆ ಹೋಗುತ್ತದೆ. ಎರಡೂ ಕಾಲನ್ನು ನೀಟಾಗಿ ಸಮ ಮಾಡಿಬಿಡುತ್ತಿದ್ದಳು!

ಎರಡು ವಾರ ಇದೇ ಗೋಳು. ಕೊನೆಗೆ ಮೇಷ್ಟ್ರು ತಲೆ ಚಚ್ಚಿಕೊಂಡು, “ನಿಮ್ಮಿಂದ ಆಗಲ್ಲ ಬಿಡಿ. ಕೊಡಿ ಇಲ್ಲಿ, ನಾನೇ ಮಾಡಿಕೊಡ್ತೀನಿ” ಎಂದರು.

ಅವಳಿಗೆ ಮೈಯೆಲ್ಲ ಉರಿಯಿತು. ‘ಇಷ್ಟು ದಿನ ಬೈಸಿಕೊಂಡಿದ್ದು ಇದಕ್ಕಾ?’ ಬ್ಯಾಗ್ ಎತ್ತಿಕೊಂಡು ಹೊರಟವಳು ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ.

ಅವಳ ಅಮ್ಮನಿಗೆ ಕಿವಿ ಪೂರ್ತಿ ಹೋಗಿತ್ತು. ಒಳಗಿನಿಂದ ಚಿಲಕ ಹಾಕದೆ ಇರಲು ಭಯ, ಹಾಕಿದರೆ ಬಡಿದದ್ದು ಕೇಳದು. ಬಾಗಿಲು ತೆರೆದಾಗಲೆಲ್ಲ, ಮಗಳನ್ನು ಕಾಯಿಸಿಬಿಟ್ಟೆನೆಂದು ಅಳು. ಹೊರಗೆ ಬಟನ್ ಒತ್ತಿದರೆ ಒಳಗೆ ದೀಪ ಮಿನುಗಬೇಕು, ಆ ಅಳು ನಿಲ್ಲಬೇಕು. ಅದನ್ನು ತನ್ನ ಕೈಯಾರೆ ಮಾಡಬೇಕೆಂಬುದೇ ಅವಳ ಹಟ.

ಐದನೆಯ ಸಂಜೆ ಅಂಗಡಿಯಿಂದ ಬಂದರೆ ಮನೆಯ ಮೆಟ್ಟಿಲ ಮೇಲೆ ಮೇಷ್ಟ್ರು!

“ಒಂದು ತಾಸಿನಿಂದ ಬಡೀತಿದ್ದೀನಿ. ಒಳಗೆ ಪಾತ್ರೆ ಸದ್ದು ಕೇಳ್ತಿದೆ. ನನ್ನ ಮೇಲೆ ಅಷ್ಟೊಂದು ಸಿಟ್ಟಾ?”

ಅವಳು ಹಿತ್ತಲಿಗೆ ಹೋಗಿ ಅಡುಗೆಮನೆಯ ಕಿಟಕಿಯಲ್ಲಿ ಕೈಯಾಡಿಸಿದಳು. ಅಮ್ಮ ಬೆಚ್ಚಿ ಓಡಿಬಂದು ಬಾಗಿಲು ತೆಗೆದಳು, ಎಂದಿನಂತೆ ಕಣ್ತುಂಬಿಕೊಂಡಳು. ಮೇಷ್ಟ್ರಿಗೆ ಈಗ ಎಲ್ಲ ಅರ್ಥವಾಯಿತು.

“ನನಗೆ ಹೇಳಬಾರದಿತ್ತಾ?”

“ನೀವು ಕೇಳಿದ್ದು ಕಾಲು ಕತ್ತರಿಸಿದ್ದು ಯಾರು ಅಂತ ಮಾತ್ರ.”

ಅವರು ತಲೆ ತಗ್ಗಿಸಿ ಒಂದು ಡಬ್ಬಿ ಚಾಚಿದರು. ಒಳಗೆ ಐವತ್ತು ಎಲ್‌ಇಡಿ. ಪ್ರತಿಯೊಂದರ ಪ್ಲಸ್ ಕಾಲಿನ ಬುಡಕ್ಕೂ ಕೆಂಪು ದಾರ.

“ಇನ್ನು ಎಷ್ಟು ಬೇಕೋ ಅಷ್ಟು ಕತ್ತರಿಸಿ.”

ಅಷ್ಟು ಕೆಟ್ಟ ಗಂಟುಗಳನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ... ಬ್ಯಾಗಿನಿಂದ ಬೋರ್ಡು, ಬಟನ್ ತೆಗೆದು ಅಲ್ಲೇ ಕೂತಳು.

ಅವಳು ಜೋಡಿಸುವಾಗ ಅವರು ಕೈ ಜೇಬಿನಲ್ಲಿಟ್ಟು ಕೂತರು. ಒಮ್ಮೆ ತಂತಿಯತ್ತ ಬಂದ ಕೈಗೆ ಅವಳಿಂದ ಏಟೂ ಬಿತ್ತು. ಕಾಲು ಸಮ ಮಾಡಿದಳು, ದಾರ ನೋಡಿ ಸಿಕ್ಕಿಸಿದಳು. ಅಮ್ಮನಿಗೆ ಸನ್ನೆಯಲ್ಲೇ ದೀಪದ ವಿಷಯ ತಿಳಿಸಿ ಒಳಗೆ ಬಿಟ್ಟು, ಹೊರಗೆ ನಿಂತು, ಉಸಿರು ಬಿಗಿಹಿಡಿದು ಬಟನ್ ಒತ್ತಿದಳು.

ಚಿಲಕ ಸರಿಯಿತು. ಅಮ್ಮ ನಗುತ್ತಿದ್ದಳು.

“ಇವತ್ತು ಕಾಯಿಸಲಿಲ್ಲ ಅಲ್ವಾ?”

ಈಗ ಅತ್ತವಳು ಮಗಳು. ಅಮ್ಮ ಅವಳ ಕೆನ್ನೆ ಸವರಿ ಒಳಗೆ ಹೋದಳು. ಮೇಷ್ಟ್ರು ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಹೇಳಿದರು.

“ನೀವು ಬರದ ನಾಲ್ಕು ದಿನ ಕ್ಲಾಸಲ್ಲಿ ಎಲ್ಲರ ದೀಪಾನೂ ಹತ್ತಿತು. ನನಗೆ ಅಲ್ಲಿ ಕೂರೋಕಾಗಲಿಲ್ಲ. ನೀವಿಲ್ದೆ ನನಗಾಗಲ್ಲ.”

ಅವಳು ಕಣ್ಣೊರೆಸಿಕೊಂಡಳು.

“ನಾಳೆ ಬರ್ತೀನಿ. ಕತ್ತರಿ ತರಲಾ?”

“ತನ್ನಿ.”