ಮೂರು ಭಾನುವಾರ ನೋಡಿ ಒಪ್ಪಿದ ಹಲ್ಲಿ

ಜನವರಿ 12, ಸೋಮವಾರ, ಬೆಳಿಗ್ಗೆ 10.20. ರಾಯಚೂರು ನಗರದ ಠಾಣೆಗೆ ಇಬ್ಬರು ದೂರು ಹೊತ್ತು ಬಂದರು. ಒಬ್ಬ ಸಾಕುಪ್ರಾಣಿಗಳ ಅಂಗಡಿಯ ಮಹಮ್ಮದ್ ಹುಸೇನ್. ಜೊತೆಗಿದ್ದವಳು ನಾಗರತ್ನಾ, ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿ.

"ಏನು ಕಳುವಾಗ್ಯಾದ?" ಇನ್ಸ್‌ಪೆಕ್ಟರ್ ಉಮಾದೇವಿ ಕೇಳಿದರು.

"ಗೆಕ್ಕೊ, ಮೇಡಂ."

"ಅಂದ್ರ?"

ಹುಸೇನ್ ಶಿಕ್ಷಕಿಯ ಮುಖ ನೋಡಿದ. "ಹಲ್ಲಿರೀ," ಎಂದ, ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ.

ಹೆಡ್ ಕಾನ್‌ಸ್ಟೆಬಲ್ ಬೂದೆಪ್ಪ ಪೆನ್ನು ಕೆಳಗಿಟ್ಟ. "ಹಲ್ಲಿ ಹುಡುಕಾಕ ಪೊಲೀಸರು ಬೇಕೇನೋ? ಈ ಠಾಣ್ಯಾಗ ಎಂಟು ಅದಾವ. ಬೇಕಾದ್ದು ಆರಿಸ್ಕೊ."

"ಗೋಡಿ ಹಲ್ಲಿ ಅಲ್ಲರೀ ಸಾಹೇಬ್ರ. ಲೆಪರ್ಡ್ ಗೆಕ್ಕೊ, ಹೊರದೇಶದ ಜಾತಿ. ಕಾಗದಪತ್ರ ಎಲ್ಲಾ ಅದಾವ."

"ತಾನಾಗೇ ಗೋಡಿ ಹತ್ತಿ ಹೋಗಿರಬೇಕು."

"ಅದಕ್ಕ ಗೋಡಿ ಹತ್ತಾಕ ಬರಂಗಿಲ್ರೀ," ಎಂದಳು ನಾಗರತ್ನಾ. "ಕಾಲಾಗ ಅಂಟು ಇಲ್ಲ. ಗಾಜಿನ ಪೆಟ್ಟಿಗ್ಯಾಗಿತ್ತು. ಯಾರೋ ಎತ್ಕೊಂಡು ಹೋಗ್ಯಾರ."

ಅವಳು ಒಂದು ನೋಟ್‌ಬುಕ್ ಮುಂದಿಟ್ಟಳು. ಮೂರು ಭಾನುವಾರ ಮಾನ್ವಿಯಿಂದ ಬಸ್ಸಿನಲ್ಲಿ ಬಂದು, ಕೊಳ್ಳುವ ಮೊದಲು ಆ ಪ್ರಾಣಿಯ ಆರೋಗ್ಯ ಪರೀಕ್ಷಿಸಿ ಬರೆದ ನಾಲ್ಕು ಪುಟಗಳು. ಉಮಾದೇವಿ ಓದಿದರು. ಬಾಲ ದಪ್ಪ, ಕೊಬ್ಬು ಬಾಲದಲ್ಲೇ ಇರುವುದರಿಂದ ಇದು ಒಳ್ಳೆಯ ಲಕ್ಷಣ. ಕಣ್ಣು ಸ್ವಚ್ಛ, ಎರಡೂ ಒಂದೇ ಸಮ ತೆರೆಯುತ್ತವೆ. ದವಡೆ ಗಟ್ಟಿ, ಒತ್ತಿದರೆ ಬಾಗುವುದಿಲ್ಲ. ಮೂಗಿನಲ್ಲಿ ಸಿಂಬಳವಿಲ್ಲ. ಬೆರಳು ಇಪ್ಪತ್ತೂ ಇವೆ, ಬಿಟ್ಟ ಪೊರೆ ಎಲ್ಲೂ ಅಂಟಿಲ್ಲ. ಬಲ ಹಿಂಗಾಲಿನ ಕಿರುಬೆರಳು ಸ್ವಲ್ಪ ಡೊಂಕು, ಹುಟ್ಟಿನಿಂದಲೇ ಇರಬಹುದು. ಬಿಟ್ಟ ಹುಳುವನ್ನು ಹನ್ನೊಂದು ಸೆಕೆಂಡಿನಲ್ಲಿ ಹಿಡಿಯಿತು.

"ಕನ್ಯಾ ನೋಡಾಕ ಬಂದವ್ರೂ ಇಷ್ಟು ನೋಡಂಗಿಲ್ರೀ ಮೇಡಂ," ಎಂದ ಹುಸೇನ್. "ನಿನ್ನೆ ಮಧ್ಯಾಹ್ನ 'ಒಪ್ಪಿಗಿ' ಅಂದ್ರು. ಇವತ್ತು ಒಯ್ಯೋರಿದ್ರು."

"ಯಾರಿಗೆ ಹೇಳಿದ್ರಿ?" ಉಮಾದೇವಿ ಶಿಕ್ಷಕಿಯನ್ನು ಕೇಳಿದರು.

"ಮನಿಯವರಿಗೆ ಒಬ್ಬರಿಗೇ."

"ಏನಂದ್ರು?"

ನಾಗರತ್ನಾ ನೆನಪಿಸಿಕೊಳ್ಳಲು ನೋಡಿದಳು. "ಏನರೆ ಅಂದಿರಬೇಕ್ರಿ. ಸಂಜಿಗೆ ನಮ್ಮ ಅಕ್ಕಿ ಮಿಲ್ಲಿನ ಸಾಮಾನು ತರಾಕ ರಾಯಚೂರಿಗೆ ಹೋದ್ರು. ರಾತ್ರಿ ದೇವದುರ್ಗದಾಗ ಗೆಳೆಯನ ಮನ್ಯಾಗ ಉಳೀತೀನಂತ ಫೋನ್ ಮಾಡಿದ್ರು." ಅಷ್ಟು ಹೇಳಿ ಮತ್ತೆ ನೋಟ್‌ಬುಕ್ಕಿಗೇ ಬಂದಳು. "ಮೇಡಂ, ಚಳಿ ಅದ. ಹೊಟ್ಟಿ ಕೆಳಗ ಶಾಖ ಇಲ್ಲಂದ್ರ ತಿಂದದ್ದು ಅರಗಂಗಿಲ್ಲ. ಸಾಯ್ತದ. ಬೆಳೆದಾಗಿಂದ ನಾನಾಗೇ ನೋಡಿ, ನಾನಾಗೇ ಒಪ್ಪಿದ್ದು ಇದೊಂದ."

11.05ಕ್ಕೆ ಕಳವಿನ ಎಫ್‌ಐಆರ್ ದಾಖಲಾಯಿತು.

11.40ಕ್ಕೆ ಅಂಗಡಿಯಲ್ಲಿ ಸ್ಥಳ ಪಂಚನಾಮೆ. ಶಟರ್ ಒಡೆದಿರಲಿಲ್ಲ. ಹಿಂದಿನ ಸಂಜೆ ಹುಸೇನ್ ಅರ್ಧ ಶಟರ್ ಎಳೆದು ನಮಾಜಿಗೆ ಹೋದ ಕಾಲು ಗಂಟೆಯಲ್ಲೇ ಕಳವು ನಡೆದಿತ್ತು. ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ನೆಟ್ಟಗೆ ಕೂರಿಸಿದ್ದರು. ಅಡಿಯಲ್ಲಿ ಶಾಖ ಕೊಡುವ ಪ್ಯಾಡಿನ ಸ್ವಿಚ್ಚನ್ನೂ ಆರಿಸಿದ್ದರು.

"ಕಳ್ಳ ಸ್ವಿಚ್ ಆರಿಸ್ತಾನೇನು?" ಎಂದರು ಉಮಾದೇವಿ. "ಇಂವ ಸಂಸಾರಸ್ಥ."

ಕ್ಯಾಮೆರಾದ ಪಾಸ್‌ವರ್ಡ್ ಹುಸೇನನಿಗೆ ಮರೆತುಹೋಗಿತ್ತು. ಅದನ್ನು ಹಾಕಿದವನು ಬಂದು ತೆರೆಯುವಷ್ಟರಲ್ಲಿ ಮಧ್ಯಾಹ್ನ ಮೂರಾಗಿ, ನಾಗರತ್ನಾ ಊರಿಗೆ ಹೋಗಿದ್ದಳು. ಭಾನುವಾರ 6.08ರ ದೃಶ್ಯ. ಮಂಕಿ ಕ್ಯಾಪ್ ತೊಟ್ಟ ಗಂಡಸಿನ ಬೆನ್ನು. ಅವನು ಪೆಟ್ಟಿಗೆಯೊಳಗೆ ಕೈ ಹಾಕಿದ. ಪ್ರಾಣಿ ಸ್ವೆಟರಿನ ತೋಳು ಹಿಡಿದು ಸರಸರ ಮೇಲೇರಿ ಟೋಪಿಯ ನೆತ್ತಿಯ ಮೇಲೆ ಕೂತಿತು. ಅವನು ಕಂಬದಂತೆ ನಿಂತುಬಿಟ್ಟ. ಒಂದು ನಿಮಿಷದ ಮೇಲೆ ಟೋಪಿ ಸಮೇತ ಅದನ್ನು ತೆಗೆದು ಊಟದ ಡಬ್ಬಿಗಿಳಿಸಿ, ಕ್ಯಾಮೆರಾದತ್ತ ತಿರುಗದೆ ಹೊರಬಿದ್ದ. ಮುಖ ಎಲ್ಲೂ ಕಾಣಲಿಲ್ಲ.

"ಯಪ್ಪಾ, ತಲಿ ಮ್ಯಾಲ!" ಬೂದೆಪ್ಪ ಕುರ್ಚಿಯಿಂದ ಎದ್ದ. "ಪಂಚಾಂಗದಾಗ ಗಂಡಸಿನ ತಲಿ ಅಂದ್ರ ಗಂಡಾಂತರ. ಮೈ ತೊಳ್ಕೊಂಡು ದೇವರಿಗೆ ಎಣ್ಣಿ ಹಾಕದ ಇಂವ ಮನಿ ಹೊಸ್ತಿಲ ದಾಟಂಗಿಲ್ಲ ಮೇಡಂ."

"ಟೋಪಿ ಮ್ಯಾಲಿತ್ತಲ್ಲ."

"ಅದನ್ನೂ ಯಾರನ್ನರೆ ಕೇಳೇ ಇರ್ತಾನ ನೋಡ್ರಿ."

ಉಮಾದೇವಿ ನಗಲಿಲ್ಲ. ರಾತ್ರಿ ದೇವದುರ್ಗದಲ್ಲಿ ಉಳಿದ ಗಂಡನೊಬ್ಬ ಅವರ ತಲೆಯಲ್ಲಿದ್ದ. "ದೇವದುರ್ಗದ ಕಡಿ ಇದ್ದಾಂವ ಸ್ನಾನಕ್ಕ ಎಲ್ಲಿಗೆ ಹೋಗ್ತಾನ?"

"ಹೊಳಿ ದಂಡಿ ಊರು ಗೂಗಲ್‌ಗೆ. ಹೊಳಿನೂ ಅದ, ಅಲ್ಲಮಪ್ರಭುನೂ ಅದಾನ."

ಮಂಗಳವಾರ ಬೆಳಿಗ್ಗೆ 8.30ಕ್ಕೆ ಜೀಪು ಗೂಗಲ್ ಮುಟ್ಟಿತು. ಕೃಷ್ಣೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಗುಡಿಯ ಪೂಜಾರಿ ಪ್ರಭುರಾಜ ಹೂ ಬಿಡಿಸುತ್ತ ಕೂತಿದ್ದ.

"ನಿನ್ನೆ ಮುಂಜಾನಿ ಯಾರರೆ ಎಣ್ಣಿ ಹಾಕಿಸಿದ್ರೇನು?"

"ಒಬ್ಬಾಂವ ಬಂದಿದ್ದರೀ. ಸಂಕ್ರಾಂತಿ ಹತ್ರ ಬಂತು, ಆವಾಗ ಬಂದು ಮುಳುಗಪಾ, ಈ ಥಂಡ್ಯಾಗ ಯಾಕ ಅಂದೆ. ಹಲ್ಲಿ ಏರ್‍ಯಾದರೀ ಅಂದ. ಟೋಪಿ ಮ್ಯಾಲಿದ್ರೂ ದೋಷ ತಟ್ಟತದೇನು ಅಂತ ನಾಕು ಸಲ ಕೇಳಿದ."

ಬೂದೆಪ್ಪ ಇನ್ಸ್‌ಪೆಕ್ಟರ್ ಕಡೆ ನೋಡಿದ.

"ಹೆಸರು ಹೇಳಿದ್ನಾ?"

"ಪೂಜಿಗೆ ಹೆಸರು ಬೇಕಲ್ರೀ. ದೇವರ ಮುಖ ನೋಡಿದ. ಆಮ್ಯಾಲ ಮಾನ್ವಿ ಮೌನೇಶ ಅಂದ. ನನಗ ಏನರೆ ಆಗ್ಲಿ, ನನ್ನ ಹೇಣ್ತಿಗೆ ತಟ್ಟಬಾರದು, ನಾಗರತ್ನಾ ಅಂತ ಆಕಿ ಹೆಸರೂ ಹೇಳ್ರಿ ಅಂದ."

ಅಂಗಡಿಯವನ ಕಣ್ಣು ತಪ್ಪಿಸಿದವನು, ಕ್ಯಾಮೆರಾಕ್ಕೆ ಮುಖ ಕೊಡದವನು, ದೇವರ ಮುಂದೆ ಸುಳ್ಳು ಹೆಸರು ಹೇಳಲಾರದೆ ಹೋಗಿದ್ದ.

ಮಧ್ಯಾಹ್ನ 12.15, ಮಾನ್ವಿ. ಮೌನೇಶ ತನ್ನ ಮನೆತನದ ಅಕ್ಕಿ ಗಿರಣಿಯಲ್ಲಿ, ಭತ್ತ ಕುದಿಸುವ ಒಲೆಯ ಹಿಂದಿನ ಕೋಣೆಯಲ್ಲಿದ್ದ. ಪೊಲೀಸರನ್ನು ಕಂಡು ಏಳಲಿಲ್ಲ. ಅವನ ಮುಂದೆ, ಬಿಸಿ ಗೋಡೆಗೆ ತಾಗಿಸಿಟ್ಟ ರಟ್ಟಿನ ಪೆಟ್ಟಿಗೆಯಲ್ಲಿ, ಗೆಕ್ಕೊ ಕಣ್ಣು ಪಿಳುಕಿಸುತ್ತ ಕೂತಿತ್ತು. ಪಕ್ಕದಲ್ಲಿ ಊಟದ ಡಬ್ಬಿಯ ಮುಚ್ಚಳದಲ್ಲಿ ನೀರಿತ್ತು.

ಇಬ್ಬರು ಹಮಾಲರ ಸಮಕ್ಷಮ ಜಪ್ತಿ ಪಂಚನಾಮೆ ಮುಗಿಯಿತು. 12.50ಕ್ಕೆ ಬಂಧನ.

ಜೀಪಿನಲ್ಲಿ ಕವಿತೆ ಓದುವವನಂತೆ ಮೆಲ್ಲಗೆ ಮಾತಾಡಿದ್ದು ಅವನೇ. "ಹೊಳಿಗೆ ಒಗೀಬೇಕಂತ ಒಯ್ದಿದ್ದೆ ಮೇಡಂ. ಆಗಲಿಲ್ಲ."

"ಯಾಕ ಕದ್ದಿ?"

"ಹೊಟ್ಟಿಕಿಚ್ಚು."

"ಯಾರ ಮ್ಯಾಲ? ಹುಸೇನನ ಮ್ಯಾಲೇನು?"

"ಛೇ, ಅಂವಂದೇನದ ಪಾಪ. ಇದರ ಮ್ಯಾಲ." ಅವನು ಪೆಟ್ಟಿಗೆಯ ಕಡೆ ಗದ್ದ ಎತ್ತಿ ತೋರಿಸಿದ. "ಕನ್ಯಾ ನೋಡಾಕ ಹೋದಾಗ ಆಕಿ ಚಾಪಿ ನೋಡ್ಕೋತ ಕುಂತಿದ್ಳು. ಹುಡುಗ ಒಪ್ಪಿಗ್ಯೇನವಾ ಅಂದ್ರ ಅವರಪ್ಪ ಹೂಂ ಅಂದ. ಲಗ್ನಾಗಿ ಮೂರು ವರ್ಷಾತು. ಜಗಳಿಲ್ಲ, ಏನಿಲ್ಲ. ಊಟಕ್ಕ ಬರ್ರಿ ಅಂತಾಳ, ತಾಟು ನೋಡ್ಕೋತ. ಇದನ್ನ ಮಾತ್ರ ಮೂರು ವಾರ ನೋಡಿದ್ಳು. ಮನಿಗೆ ಬಂದು ಅದರ ಕಣ್ಣಿನ ಬಣ್ಣ ಹೇಳೋವಾಗ ಆಕಿ ಮುಖ ನೋಡಬೇಕಿತ್ತು ನೀವು. ಅದರಾಗ ಏನದಂತ ನಾನೂ ನಿನ್ನೆಯಿಂದ ನೋಡಾಕತ್ತೀನಿ."

"ಏನರೆ ಕಾಣ್ತೇನು?" ಬೂದೆಪ್ಪ ಕೇಳಿದ. ಗೇಲಿ ಇರಲಿಲ್ಲ.

"ಇಲ್ಲಣ್ಣಾ. ಹಲ್ಲೀನ ಕಾಣ್ತದ."

ಸಂಜೆ 4.30ಕ್ಕೆ, ಪ್ರಾಣಿ ಗುರುತಿಸಲು ಬನ್ನಿ ಎಂದಷ್ಟೇ ಕರೆ ಹೋಗಿದ್ದ ನಾಗರತ್ನಾ ಠಾಣೆಗೆ ಬಂದಳು. ಮೌನೇಶನನ್ನು ಒಳಕೋಣೆಯ ಬೆಂಚಿನ ಮೇಲೆ ಕೂರಿಸಿದ್ದರು. ನಡುವಿನ ಬಾಗಿಲು ತೆರೆದೇ ಇತ್ತು. ಅವಳು ಆ ಕಡೆ ನೋಡಲಿಲ್ಲ, ನೇರ ಪೆಟ್ಟಿಗೆಯ ಬಳಿ ಹೋದಳು. ಟಾರ್ಚ್ ಹಿಡಿದು ಕಣ್ಣು, ಮೂಗು, ದವಡೆ ನೋಡಿದಳು. ಬಾಲವನ್ನು ಬೆರಳಿನಲ್ಲಿ ಮೆಲ್ಲಗೆ ಅಳೆದಳು. ಕಾಲೊಂದೊಂದನ್ನೇ ಬಿಡಿಸಿದಳು. ಹತ್ತು ನಿಮಿಷ ಹಿಡಿಯಿತು.

"ಇದೇರೀ. ಡೊಂಕ ಬೆರಳದ. ಆರಾಮದ." ಅವಳು ಅದರ ನೆತ್ತಿ ಸವರಿದಳು. "ಒಯ್ದವ್ರು ಚಂದ ನೋಡ್ಕೊಂಡಾರ."

ವರದಿಗೆ ಇನ್ನೊಂದು ಗುರುತು ಬೇಕಿತ್ತು. ಉಮಾದೇವಿ ಕಂಪ್ಯೂಟರನ್ನು ಅವಳತ್ತ ತಿರುಗಿಸಿ ದೃಶ್ಯ ಹಾಕಿದರು. "ಈ ಮನಶ್ಯಾನ ಗುರುತು ಹಿಡೀತೀರೇನು ನೋಡ್ರಿ."

ನಾಗರತ್ನಾ ನೋಡಿದಳು. ಇನ್ನೊಮ್ಮೆ ಹಾಕಿಸಿಕೊಂಡಳು. ಮೂರನೆಯ ಸಲ ಹತ್ತಿರ ಬಾಗಿ, ಆ ಭುಜ, ಆ ನಿಲುವು, ಆ ಸ್ವೆಟರು, ಎಲ್ಲವನ್ನೂ ಶ್ರದ್ಧೆಯಿಂದ ನೋಡಿದಳು.

"ಇಲ್ಲರೀ," ಎಂದಳು. "ಯಾರೋ ಗೊತ್ತಾಗವಲ್ದು."

ಬೂದೆಪ್ಪ ಬರೆಯುವುದನ್ನು ನಿಲ್ಲಿಸಿದ. ಒಳಗಿನ ಬೆಂಚು ಕಿರುಗುಟ್ಟಿತು.

"ಬರ್ಕೋರಿ ಮೇಡಂ," ಎಂದಿತು ಒಳಗಿನ ದನಿ. "ಅಂವ ನಾನ."

ನಾಗರತ್ನಾ ಟಾರ್ಚ್ ಹಿಡಿದೇ ಆ ಕಡೆ ತಿರುಗಿದಳು. ಬೆಳಕು ಮೌನೇಶನ ಮುಖದ ಮೇಲೆ ಬಿತ್ತು. ಅವನು ಕಣ್ಣು ಮುಚ್ಚಲಿಲ್ಲ.