ಆಯಿಗೊಂದು ಕೆಲಸ

"ಅತ್ತಿ, ಕಸಬರಿಗಿ ಅಲ್ಲೇ ಇಡ್ರಿ. ಕಸ ನಾ ಹೊಡಿತೀನಿ," ಸೊಸೆ ನಂದಾ ಅಡುಗೆಮನೆಯಿಂದಲೇ ಹೇಳಿದಳು.

ಅಜ್ಜಿ ಗಂಗುಬಾಯಿ ಕಸಬರಿಗೆಯನ್ನು ಮೂಲೆಗಿಟ್ಟಳು. ಕಪ್ಪು ಕನ್ನಡಕ ಸರಿಮಾಡಿಕೊಂಡು ಮಂಚದ ಮೇಲೆ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ, "ನಾಳಿ ನಾ ಊರಿಗಿ ಹೋಗ್ತೀನಿ," ಎಂದಳು.

ಹೋಂವರ್ಕ್ ಬರೆಯುತ್ತಿದ್ದ ಮೊಮ್ಮಗಳು ಸಾರಿಕಾ ತಲೆಯೆತ್ತಿದಳು. "ಯಾಕ ಆಯಿ? ಸಾಲಿ ಸೂಟಿ ಬಿಡೂ ತನಕ ಇರ್ತೀನಿ ಅಂದಿದ್ದಿಯಲ್ಲ."

"ಹನ್ನೂರಾಗ ಕೆಲಸ ಅದಾವವ್ವಾ."

ಸಾರಿಕಾ ಅಜ್ಜಿಯನ್ನು ಆಯಿ ಎಂದೇ ಕರೆಯುತ್ತಿದ್ದಳು. ಆಯಿ ಇರುವುದು ಹನ್ನೂರಿನಲ್ಲಿ, ದೊಡ್ಡಪ್ಪನ ಮನೆಯಲ್ಲಿ. ಕಣ್ಣಿನ ಆಪರೇಷನ್‌ಗೆಂದು ಸೊಲ್ಲಾಪುರಕ್ಕೆ ಬಂದಿದ್ದಳು. ಆ ಊರಿನ ನವಿ ಪೇಠದಲ್ಲಿ ಪಪ್ಪನ ಬಟ್ಟೆ ಅಂಗಡಿ. ಅದರ ಮೇಲೆಯೇ ಇವರ ಮನೆ.

ಸಾರಿಕಾಳ ಅವ್ವ ನಂದಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ನಿಮಗ ಹ್ಯಾಂಗ ಅನುಕೂಲನೋ ಹಂಗ ಮಾಡ್ರಿ ಅತ್ತಿ," ಎಂದಳು. ಮಾತು ಮೆತ್ತಗಿತ್ತು. ಆದರೆ ಒಳಗೆ ಹೋದ ಮೇಲೆ ಹಿಟ್ಟಿನ ಡಬ್ಬಿಯ ಮುಚ್ಚಳ ಢಬ್ಬೆಂದು ಬಿತ್ತು.

ಸಾರಿಕಾ ಎದ್ದು ಒಳಗೆ ಹೋದಳು. ಅವ್ವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಅವ್ವಾ, ಆಯಿಗಿ ಇರು ಅಂತ ಹೇಳಬಾರದೇನು?"

"ಹ್ಯಾಂಗ ಹೇಳ್ಲಿ? ಕಣ್ಣಿಗಿ ಧೂಳ ಬೀಳಬಾರದು, ಬಗ್ಗಬಾರದು ಅಂತ ಡಾಕ್ಟರ್ ಹೇಳ್ಯಾರ. ಒಂದು ಕಡ್ಡಿ ಎತ್ತಿಡಾಕ ಬಿಟ್ಟಿಲ್ಲ ನಾ. ಆದ್ರೂ ಅವರಿಗಿ ನಮ್ಮ ಮನಿ ಸೇರವಲ್ದು."

ಸಾರಿಕಾ ಹೊರಗೆ ಬಂದಾಗ ಆಯಿ ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ಆಯಿ, ಊರಾಗ ಏನ್ ಕೆಲಸ?"

"ಏನಂದ್ರ... ಶೇಂಗಾ ಒಡಿಯೂದು, ಕಾಳು ಹಸನ ಮಾಡೂದು. ಅತ್ತಿ ಇದು ನೋಡ್ರಿ, ಅತ್ತಿ ಅದು ಹಿಡೀರಿ ಅಂತ ನಿಮ್ಮ ದೊಡ್ಡವ್ವ ಕರೀತಿರ್ತಾಳ."

"ಇಲ್ಲಿ?"

"ಇಲ್ಲಿ ನಿಮ್ಮವ್ವ ಭಾಳ ಛಲೋ ನೋಡ್ಕೋತಾಳ." ಅಷ್ಟು ಹೇಳಿ ಆಯಿ ತೊಡೆಯ ಮೇಲಿದ್ದ ತನ್ನ ಎರಡೂ ಕೈಗಳನ್ನು ನೋಡುತ್ತ ಕುಳಿತಳು.

ಹೋದ ವರ್ಷ ಸಾರಿಕಾಳ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ಪಿ.ಟಿ. ಪೀರಿಯಡ್‌ನಲ್ಲಿ ಟೀಚರ್ ದಿನಾ ಅವಳನ್ನು ನೆರಳಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಬೇಕೇನು ಎಂದು ನೀರು ಕೊಡುತ್ತಿದ್ದರು. ಗೆಳತಿ ಮನೀಷಾ ಓಡುತ್ತಲೇ ಕೈ ಬೀಸುತ್ತಿದ್ದಳು. ಯಾರೂ ಬೈದಿರಲಿಲ್ಲ. ಆದರೂ ಸಾರಿಕಾ ಮನೆಗೆ ಬಂದು, "ನಾ ನಾಳಿ ಸಾಲಿಗಿ ಹೋಗಂಗಿಲ್ಲ, ಹೊಟ್ಟಿ ನೋಯ್ತದ," ಎಂದಿದ್ದಳು. ಹೊಟ್ಟೆ ನೋಯುತ್ತಿರಲಿಲ್ಲ.

ಅವಳು ಮತ್ತೆ ಅಡುಗೆಮನೆಗೆ ಹೋದಳು.

"ಅವ್ವಾ, ಧೂಳ ಇಲ್ಲದ್ದು, ಬಗ್ಗಲಾರದ್ದು ಯಾವುದರೆ ಕೆಲಸ ಐತೇನು?"

"ಯಾರಿಗಿ?"

ಸಾರಿಕಾ ಬಾಗಿಲಿನಾಚೆ ನೋಡಿದಳು. ಅವ್ವನೂ ನೋಡಿದಳು. ಆಯಿ ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ಒಲೆಯ ಮೇಲೆ ಹಾಲು ಉಕ್ಕುವಂತಾಯಿತು. ಅವ್ವ ಗ್ಯಾಸ್ ಆರಿಸಿದಳು. ಬುಟ್ಟಿಯಿಂದ ಮೆಂತೆಯ ಕಟ್ಟು ತೆಗೆದು, ಮಣ್ಣು ಹೋಗುವಂತೆ ತೊಳೆದು, ತಾಟಿನಲ್ಲಿಟ್ಟುಕೊಂಡು ಹೊರಗೆ ನಡೆದಳು.

"ಅತ್ತಿ, ನನಗ ರೊಟ್ಟಿ ಬಡಿಯೂದೈತಿ. ಇದಿಷ್ಟು ಸೋಸಿ ಕೊಡ್ತೀರೇನ್ರಿ?"

ಆಯಿ ಚೀಲ ಬದಿಗೆ ಸರಿಸಿ ತಾಟನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದು ಎಳೆ ಎತ್ತಿ ಬೆರಳಿಂದ ಚಿವುಟಿದಳು. "ಬರೇ ದಂಟೇ ತಂದೀಯಲ್ಲವ್ವಾ. ತಗೊಳ್ಳೂವಾಗ ನೋಡಬಾರದೇನು?"

ಬೈಗುಳ ಕೇಳಿ ಸಾರಿಕಾ ಹೆದರಿ ಅವ್ವನ ಮುಖ ನೋಡಿದಳು. ಅವ್ವ ನಗುತ್ತಿದ್ದಳು.

"ನನಗ ತಿಳಿಯಂಗಿಲ್ರಿ. ಮುಂದಿನ ವಾರ ಬಾಜಾರಕ್ಕ ನೀವೂ ಬರ್ರಿ, ನನ್ನ ಜೋಡಿ."

ಆಯಿ ಇನ್ನೊಂದು ಎಳೆ ಎತ್ತಿಕೊಂಡಳು. ಅವಳ ಬೆರಳುಗಳು ಚುರುಕಾಗಿ ಎಲೆ ಬಿಡಿಸತೊಡಗಿದವು.

ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ಪಪ್ಪ ಗುರುಶಾಂತ ಮಂಚದ ಹತ್ತಿರವಿದ್ದ ಚೀಲ ನೋಡಿದ.

"ಅವ್ವಾ, ಊರಿಗಿ ಹೊಂಟೀಯೇನ? ನಾಳಿ ಎಷ್ಟಕ್ಕ ಸ್ಟ್ಯಾಂಡಿಗಿ ಬಿಡ್ಲಿ?"

"ಬಿಸಲು ಭಾಳ ಐತಪ್ಪಾ," ಎಂದಳು ಆಯಿ. "ನೋಡೂನು."

"ನೋಡೂನು ಅಂದ್ರ? ನಾಳೀಗೋ, ನಾಡದ್ದಿಗೋ?"

ಸಾರಿಕಾ ಮೊಣಕಾಲಿನಿಂದ ಪಪ್ಪನ ಮೊಣಕಾಲನ್ನು ಮೆಲ್ಲಗೆ ಒತ್ತಿದಳು.

"ಪಪ್ಪಾ, ಪಲ್ಯಾ ಹಾಕ್ಕೋರಿ," ಎಂದಳು.